ಭೇದಿಯಾದ ಮಗು: ಮನೆಗೂ ಡ್ರಿಪ್ಪಿಗೂ ನಡುವಿನ ನಾಲ್ಕು ಗಂಟೆ

ಹರಿಹರದ ತಾಯಿ

ನಮ್ಮ ಮಗಳಿಗೆ ಹದಿನಾಲ್ಕು ತಿಂಗಳು. ಕಳೆದ ವಾರ ವಾಂತಿ-ಭೇದಿಯಾಗಿ ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದು ಬಂದಳು. ಅವಳು ಚೇತರಿಸಿಕೊಂಡಿದ್ದಾಳೆ, ನಾನು ಇನ್ನೂ ಚೇತರಿಸಿಕೊಂಡಿಲ್ಲ. ಆದ್ದರಿಂದ ತಿಳಿದವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ಭಾನುವಾರ ರಾತ್ರಿ ಜ್ವರ ಬಂದು ವಾಂತಿ ಶುರುವಾಯಿತು. ಸೋಮವಾರ ಬೆಳಗಾಗುವಷ್ಟರಲ್ಲಿ ನೀರಿನಂತಹ ಭೇದಿ ಆರೇಳು ಸಲ ಆಗಿತ್ತು. ಹತ್ತೂವರೆಗೆ ನಾವು ಯಾವಾಗಲೂ ತೋರಿಸುವ ಮಕ್ಕಳ ವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ಅವರು ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟು ನೋಡಿದರು, ನಾಲಿಗೆ ನೋಡಿದರು, ತೂಕ ಮಾಡಿಸಿದರು. ಒಂಬತ್ತು ಕಿಲೊ ಇತ್ತು. ಡ್ರಿಪ್ ಬೇಡ, ಓಆರ್‌ಎಸ್ ಕುಡಿಸಿ, ಜಿಂಕ್ ಕೊಡಿ, ನಾಳೆ ಕರೆತನ್ನಿ ಎಂದರು. ನಮ್ಮ ಅತ್ತೆಯವರು ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ ಎಂದು ಎರಡು ಸಲ ಕೇಳಿಕೊಂಡರೂ ಒಪ್ಪಲಿಲ್ಲ. ಸಂಜೆ ಏಳರ ಹೊತ್ತಿಗೆ ಮಗು ಕರೆದರೂ ಕಣ್ಣು ಬಿಡದಂತೆ ಮಲಗಿಬಿಟ್ಟಿತು. ಗಾಬರಿಯಾಗಿ ಇನ್ನೊಂದು ಆಸ್ಪತ್ರೆಗೆ ಓಡಿದೆವು. ಅಲ್ಲಿ ನೋಡಿದ ತಕ್ಷಣ ದಾಖಲು ಮಾಡಿಕೊಂಡರು. ಕೈಯಲ್ಲಿ ಎರಡು ಸಲ ನರ ಸಿಗದೆ, ಮೂರನೆಯ ಸಲ ಪಾದದಲ್ಲಿ ಸಿಕ್ಕಿತು. ಆ ಹೊತ್ತಿನಲ್ಲಿ ಅವಳು ಅಳಲೂ ಇಲ್ಲ ಎಂಬುದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ನನ್ನ ಪ್ರಶ್ನೆಗಳು ಎರಡು. ಬೆಳಗ್ಗೆಯೇ ಡ್ರಿಪ್ ಹಾಕಿದ್ದರೆ ಇಷ್ಟು ದೂರ ಹೋಗುತ್ತಿರಲಿಲ್ಲವಲ್ಲ, ಮೊದಲ ವೈದ್ಯರು ತಪ್ಪು ಮಾಡಿದರೇ? ಭೇದಿ ತರುವ ರೋಟಾವೈರಸ್ ವಿರುದ್ಧದ ರೋಟಾ ಲಸಿಕೆಯ ಮೂರೂ ಡೋಸುಗಳನ್ನು ಹಾಕಿಸಿದ್ದರೂ ಹೀಗೇಕಾಯಿತು?

ನಿವೃತ್ತ ಮಕ್ಕಳ ವೈದ್ಯ

ತಾಯಿ, ಮೊದಲು ಮಗು ಗುಣವಾದದ್ದು ಕೇಳಿ ಸಮಾಧಾನವಾಯಿತು. ಉತ್ತರಿಸುವ ಮುನ್ನ ಕೆಲವು ವಿಷಯ ತಿಳಿಯಬೇಕು. ಬೆಳಗ್ಗೆ ವೈದ್ಯರ ಬಳಿ ಹೋದಾಗ ಮಗು ಹೇಗಿತ್ತು, ಲೋಟ ತೋರಿಸಿದರೆ ಕುಡಿಯಲು ಬರುತ್ತಿತ್ತೇ ಅಥವಾ ಮುಖ ತಿರುಗಿಸುತ್ತಿತ್ತೇ? ಹನ್ನೊಂದರಿಂದ ಏಳರವರೆಗೆ ಏನನ್ನು, ಎಷ್ಟನ್ನು, ಯಾವ ರೀತಿಯಲ್ಲಿ ಕುಡಿಸಿದಿರಿ? ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ? ಇದನ್ನು ದೋಷ ಹುಡುಕಲು ಕೇಳುತ್ತಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಈ ಎಂಟು ಗಂಟೆಗಳಲ್ಲಿಯೇ ಇದೆ.

ಹರಿಹರದ ತಾಯಿ

ಮುಚ್ಚಿಡದೆ ಬರೆಯುತ್ತೇನೆ. ಬೆಳಗ್ಗೆ ಅವಳು ತುಂಬ ರಚ್ಚೆ ಹಿಡಿದಿದ್ದಳು, ಕಣ್ಣು ಸ್ವಲ್ಪ ಒಳಗೆ ಹೋದಂತಿತ್ತು, ಆದರೆ ನೀರಿನ ಬಾಟಲಿ ಕಂಡರೆ ಕಿತ್ತುಕೊಳ್ಳಲು ಬರುತ್ತಿದ್ದಳು. ಮನೆಗೆ ಬಂದು ಓಆರ್‌ಎಸ್ ಕಲಸಿ ಅರ್ಧ ಲೋಟ ಒಂದೇ ಸಲ ಕುಡಿಸಿದೆ, ಗಟಗಟ ಕುಡಿದು ಎಲ್ಲವನ್ನೂ ಕಕ್ಕಿಬಿಟ್ಟಳು. ಮತ್ತೆ ಒಂದು ಗಂಟೆಯ ನಂತರ ಹಾಗೆಯೇ ಮಾಡಿದೆ, ಮತ್ತೆ ವಾಂತಿಯಾಯಿತು. ಇದು ಅವಳಿಗೆ ಒಗ್ಗುವುದಿಲ್ಲವೆಂದುಕೊಂಡು ಯಜಮಾನರು ಅಂಗಡಿಯಿಂದ ಸೇಬಿನ ರುಚಿಯ, ರಟ್ಟಿನ ಪೊಟ್ಟಣದಲ್ಲಿ ಬರುವ ಪಾನೀಯ ತಂದರು. ಅದರ ಮೇಲೂ ಓಆರ್‌ಎಸ್ ಎಂದೇ ಬರೆದಿತ್ತು. ಅದನ್ನು ಎರಡು ಪೊಟ್ಟಣ ಕುಡಿದಳು. ಆಮೇಲೆ ಭೇದಿ ಲೆಕ್ಕವಿಲ್ಲದಷ್ಟಾಯಿತು. ಮಧ್ಯಾಹ್ನದ ನಂತರ ಮೂತ್ರ ಮಾಡಿದ್ದು ನನಗೆ ಗೊತ್ತಿಲ್ಲ, ಡಯಾಪರ್ ಭೇದಿಯಿಂದಲೇ ಒದ್ದೆಯಾಗುತ್ತಿದ್ದುದರಿಂದ ತಿಳಿಯುವಂತಿರಲಿಲ್ಲ.

ನಿವೃತ್ತ ಮಕ್ಕಳ ವೈದ್ಯ

ನೀವು ಇದ್ದದ್ದನ್ನು ಇದ್ದ ಹಾಗೆ ಬರೆದಿರಿ, ಇದರಿಂದ ಬೇರೆ ಹತ್ತು ತಾಯಂದಿರಿಗೆ ಉಪಕಾರವಾಗುತ್ತದೆ.

ಭೇದಿಯಾದ ಮಗುವನ್ನು ದಾಖಲು ಮಾಡಬೇಕೇ ಬೇಡವೇ ಎಂಬುದನ್ನು ಎಷ್ಟು ಸಲ ಭೇದಿಯಾಯಿತು ಎಂಬ ಎಣಿಕೆಯಿಂದ ನಾವು ತೀರ್ಮಾನಿಸುವುದಿಲ್ಲ. ಹತ್ತು ಸಲ ಹೋಗಿಯೂ ಆಡುತ್ತಿರುವ ಮಗು ಮನೆಯಲ್ಲಿರಬಹುದು, ನಾಲ್ಕು ಸಲ ಹೋಗಿ ಮಂಕಾದ ಮಗು ಆಸ್ಪತ್ರೆಯಲ್ಲಿರಬೇಕು. ನೋಡುವುದು ನಾಲ್ಕನ್ನು: ಮಗುವಿನ ಎಚ್ಚರ, ಕಣ್ಣು, ಕುಡಿಯುವ ರೀತಿ, ಚಿವುಟಿದ ಚರ್ಮ ಮರಳುವ ವೇಗ. ರಚ್ಚೆ, ಒಳಸೇರಿದ ಕಣ್ಣು, ಆತುರದ ಬಾಯಾರಿಕೆ, ನಿಧಾನವಾಗಿ ಮರಳುವ ಚರ್ಮ, ಇವುಗಳಲ್ಲಿ ಎರಡು ಕಂಡರೆ ಅದು ನಡುವಿನ ಹಂತದ ನಿರ್ಜಲೀಕರಣ, ಎಂದರೆ ಮೈಯ ನೀರು ಬತ್ತುವುದು. ಮಂಪರು, ಕುಡಿಯಲಾರದ ಸ್ಥಿತಿ, ಚಿವುಟಿದ ಮಡಿಕೆ ಎರಡು ಸೆಕೆಂಡು ಅಥವಾ ಇನ್ನೂ ಹೆಚ್ಚು ಹೊತ್ತು ಹಾಗೆಯೇ ನಿಲ್ಲುವುದು, ಇವು ಕಂಡರೆ ಅದು ತೀವ್ರ ಹಂತ. ನಿಮ್ಮ ಮಗಳು ಬೆಳಗ್ಗೆ ಮೊದಲನೆಯದರಲ್ಲಿದ್ದಳು, ರಾತ್ರಿ ಎರಡನೆಯದರಲ್ಲಿದ್ದಳು. ಇಬ್ಬರು ವೈದ್ಯರು ನೋಡಿದ್ದು ಒಂದೇ ಮಗುವನ್ನಾದರೂ ಒಂದೇ ಸ್ಥಿತಿಯನ್ನಲ್ಲ.

ನಡುವಿನ ಹಂತಕ್ಕೆ ಡ್ರಿಪ್ ಬೇಡವೆಂಬುದು ಸರಿಯಾದ ಮಾತೇ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಚಿಕಿತ್ಸೆಯೆಂದರೆ ಕಿಲೊ ತೂಕಕ್ಕೆ 75 ಮಿ.ಲೀ.ನಂತೆ ಓಆರ್‌ಎಸ್ ಅನ್ನು ನಾಲ್ಕು ಗಂಟೆಗಳಲ್ಲಿ ಕುಡಿಸುವುದು. ಒಂಬತ್ತು ಕಿಲೊ ಮಗುವಿಗೆ 675 ಮಿ.ಲೀ. ಆಗುತ್ತದೆ. ಐದು ಮಿ.ಲೀ. ಹಿಡಿಯುವ ಚಮಚದಲ್ಲಿ ಎಣಿಸಿದರೆ 135 ಚಮಚ, ಎಂದರೆ ಎರಡು ನಿಮಿಷಕ್ಕೊಂದಕ್ಕಿಂತ ತುಸು ಬೇಗ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮತ್ತೆ ಶುರು ಮಾಡಬೇಕು. ಬಾಯಾರಿದ ಮಗುವಿಗೆ ಲೋಟ ಕೊಟ್ಟರೆ ಕಕ್ಕುತ್ತದೆ, ಅದೇ ಮಗು ಚಮಚದಲ್ಲಿ ಕೊಟ್ಟರೆ ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ವಾಂತಿ ಹಟ ಹಿಡಿದರೆ ತೂಕಕ್ಕೆ ತಕ್ಕ ಒಂದು ಡೋಸ್ ಆಂಡಾನ್ಸೆಟ್ರಾನ್ ಎಂಬ ವಾಂತಿ ತಡೆಯುವ ಔಷಧ ಕೊಟ್ಟು ಕಾಲು ಗಂಟೆ, ಅರ್ಧ ಗಂಟೆ ಕಾದು ಚಮಚ ಹಿಡಿಯುತ್ತೇವೆ. ಅದಕ್ಕೂ ಬಗ್ಗದಿದ್ದರೆ ಮೂಗಿನಿಂದ ಹೊಟ್ಟೆಗೆ ತೆಳುವಾದ ನಳಿಕೆ ಇಟ್ಟು ಅದೇ ಓಆರ್‌ಎಸ್ ಅನ್ನು ಹನಿಹನಿಯಾಗಿ ಬಿಡುತ್ತೇವೆ.

ಈಗ ನನ್ನ ಆಕ್ಷೇಪ ಹೇಳುತ್ತೇನೆ. ಈ ನಾಲ್ಕು ಗಂಟೆ ಆಸ್ಪತ್ರೆಯಲ್ಲಿಯೇ, ಯಾರಾದರೂ ಒಬ್ಬರ ಕಣ್ಣಳತೆಯಲ್ಲಿಯೇ ನಡೆಯಬೇಕಾದದ್ದು. ನಾಲ್ಕು ಗಂಟೆಯ ಕೊನೆಗೆ ಮಗುವನ್ನು ಮತ್ತೆ ಪರೀಕ್ಷಿಸಿ, ಚೇತರಿಸಿದ್ದರೆ ಮನೆಗೆ, ಹಾಗೆಯೇ ಇದ್ದರೆ ಇನ್ನೊಂದು ಸುತ್ತು, ಕುಸಿದಿದ್ದರೆ ಡ್ರಿಪ್. ನಿಮ್ಮ ವೈದ್ಯರ ಲೆಕ್ಕ ಸರಿಯಾಗಿತ್ತು. ಆದರೆ ಅವರು ಚೀಟಿ ಬರೆದು ಕಳುಹಿಸಿದ್ದರಿಂದ ನಾಲ್ಕು ಗಂಟೆಯ ಚಿಕಿತ್ಸೆ ಮನೆಯ ಅಡುಗೆಮನೆಗೆ ಹೋಯಿತು, ಅಲ್ಲಿ ಹೇಗೆ ಕೊಡಬೇಕೆಂದು ಹೇಳಿಕೊಡುವವರಿರಲಿಲ್ಲ. ನಾನು ಕೆಲಸ ಮಾಡಿದ ತಾಲ್ಲೂಕು ಆಸ್ಪತ್ರೆಯಲ್ಲಿ ಹೊರರೋಗಿ ವಿಭಾಗದ ಪಕ್ಕದಲ್ಲೇ ಒಂದು ಉದ್ದ ಬೆಂಚು, ಮುಚ್ಚಳವಿದ್ದ ನೀರಿನ ಪಾತ್ರೆ, ಲೀಟರಿನ ಅಳತೆ ಜಗ್ಗು, ಗೋಡೆ ಗಡಿಯಾರ ಇಷ್ಟೇ ಇದ್ದವು. ಓಆರ್‌ಎಸ್-ಜಿಂಕ್ ಕಾರ್ನರ್ ಎಂಬ ಹೆಸರಿನಲ್ಲಿ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಇಂತಹ ಜಾಗ ಇರಬೇಕೆಂದು ಸರ್ಕಾರವೇ ಹೇಳಿದೆ. ಆ ಬೆಂಚಿನ ಮೇಲೆ ಕುಳಿತ ತಾಯಂದಿರ ಮಕ್ಕಳಲ್ಲಿ ಹೆಚ್ಚಿನವರು ಮಧ್ಯಾಹ್ನದ ಹೊತ್ತಿಗೆ ನಗುತ್ತ ಮನೆಗೆ ಹೋಗುವುದನ್ನು ನಾನು ವರ್ಷಾನುಗಟ್ಟಲೆ ನೋಡಿದ್ದೇನೆ. ನಿಮ್ಮ ಮಗಳಿಗೆ ಬೆಳಗ್ಗೆ ಬೇಕಾಗಿದ್ದುದು ಡ್ರಿಪ್ ಅಲ್ಲ, ಆ ಬೆಂಚು.

ಆಗುಂಬೆ ಕಡೆಯ ತಂದೆ

ಡಾಕ್ಟರ ಮಾತನ್ನು ಗೌರವದಿಂದಲೇ ಓದಿದೆ, ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಮನೆಯಿಂದ ಮಕ್ಕಳ ವೈದ್ಯರಿರುವ ಊರಿಗೆ ಐವತ್ತು ಕಿಲೋಮೀಟರು. ಮಳೆಗಾಲದಲ್ಲಿ ಸಂಜೆ ಆರರ ಬಸ್ಸು ತಪ್ಪಿದರೆ ಮರುದಿನ ಬೆಳಗ್ಗೆಯೇ ಗತಿ, ಮರ ಬಿದ್ದರೆ ಅದೂ ಇಲ್ಲ, ಫೋನಿಗೆ ಸಿಗ್ನಲ್ ಸಿಗದ ದಿನಗಳಲ್ಲಿ 108ಕ್ಕೆ ಕರೆ ಮಾಡಲೂ ಗುಡ್ಡ ಹತ್ತಬೇಕು. ನನ್ನ ಮಗನಿಗೆ ಎಂಟು ತಿಂಗಳಿದ್ದಾಗ ಇದೇ ರೀತಿ ಆಯಿತು. ವೈದ್ಯರು ನೋಡಿ, ಈಗೇನೂ ಅಪಾಯವಿಲ್ಲ, ಮನೆಗೆ ಹೋಗಬಹುದು ಎಂದರು. ನಾನು ಎಷ್ಟು ದೂರದಿಂದ ಬಂದಿದ್ದೇನೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ರಾತ್ರಿ ಎರಡು ಗಂಟೆಗೆ ಜೀಪು ಹುಡುಕಿಕೊಂಡು ಅದೇ ದಾರಿಯಲ್ಲಿ ವಾಪಸು ಹೋದೆವು. ಚರ್ಮ ಚಿವುಟಿ ನೋಡುವುದರ ಜೊತೆಗೆ ಮನೆ ಎಲ್ಲಿ ಎಂದು ಕೇಳುವುದೂ ಪರೀಕ್ಷೆಯ ಭಾಗವಾಗಬೇಕಲ್ಲವೇ?

ನಿವೃತ್ತ ಮಕ್ಕಳ ವೈದ್ಯ

ಖಂಡಿತವಾಗಿಯೂ ಆಗಬೇಕು, ನೀವು ಹೇಳಿದ್ದು ನ್ಯಾಯವಾದ ಮಾತು. ತೀವ್ರ ನಿರ್ಜಲೀಕರಣವಿಲ್ಲದಿದ್ದರೂ ದಾಖಲು ಮಾಡಿಕೊಳ್ಳಬೇಕಾದ ಮಕ್ಕಳಿದ್ದಾರೆ. ಎರಡು ತಿಂಗಳೊಳಗಿನ ಕೂಸು, ತೀವ್ರ ಅಪೌಷ್ಟಿಕತೆಯ ಮಗು, ಮಲದಲ್ಲಿ ರಕ್ತದ ಜೊತೆಗೆ ವಿಪರೀತ ಜ್ವರವಿರುವ ಮಗು, ಫಿಟ್ಸ್ ಬಂದ ಮಗು, ಹೊಟ್ಟೆ ಉಬ್ಬಿದ ಮಗು, ಇವರ ಸಾಲಿನಲ್ಲಿಯೇ ರಾತ್ರಿ ಕೆಟ್ಟರೆ ಮರಳಿ ಬರಲು ದಾರಿಯಿಲ್ಲದ ಮಗುವನ್ನೂ ನಾನು ಸೇರಿಸುತ್ತೇನೆ. ಮನೆಯಲ್ಲಿ ತಾಯಿಯೊಬ್ಬಳೇ ಇದ್ದು, ಇನ್ನೂ ಎರಡು ಮಕ್ಕಳನ್ನು ನೋಡಿಕೊಳ್ಳಬೇಕಾದ ಸಂದರ್ಭವೂ ಹಾಗೆಯೇ. ಅವಳು ನಾಲ್ಕು ಗಂಟೆ ಚಮಚ ಹಿಡಿದು ಕೂರಲು ಸಾಧ್ಯವಿಲ್ಲ. ಅದರಲ್ಲಿ ಅವಳ ತಪ್ಪೂ ಇಲ್ಲ.

ಅಪೌಷ್ಟಿಕ ಮಗುವಿನ ವಿಷಯ ಎತ್ತಿದ್ದರಿಂದ ಒಂದು ಎಚ್ಚರಿಕೆ. ತೀರ ಬಡಕಲಾದ ಮಗುವಿನ ಚರ್ಮ ಯಾವಾಗಲೂ ಸಡಿಲವಾಗಿಯೇ ಇರುವುದರಿಂದ ಚಿವುಟಿ ನೋಡಿದರೆ ನಿಜ ತಿಳಿಯುವುದಿಲ್ಲ, ಅದರ ಹೃದಯ ವೇಗದ ಡ್ರಿಪ್ಪನ್ನು ತಾಳುವುದೂ ಇಲ್ಲ. ಅಂತಹ ಮಗುವಿಗೆ ನಿಧಾನವಾಗಿ, ಬೇರೆಯದೇ ಲೆಕ್ಕದಲ್ಲಿ, ಆಸ್ಪತ್ರೆಯಲ್ಲಿಯೇ ನೀರು ತುಂಬಬೇಕು.

ಮಕ್ಕಳ ವಾರ್ಡಿನ ಶುಶ್ರೂಷಕಿ

ಹನ್ನೊಂದು ವರ್ಷ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುತ್ತಿರುವ ನಾನು ಒಳಗೆ ಏನು ನಡೆಯುತ್ತದೆ ಎಂಬುದನ್ನು ಬರೆಯುತ್ತೇನೆ. ಬಾಗಿಲ ಹೊರಗೆ ಕುಳಿತವರಿಗೆ ಅದು ತಿಳಿಯದಿರುವುದೇ ಅರ್ಧ ಭಯಕ್ಕೆ ಕಾರಣ.

ತೀವ್ರ ಹಂತದ ಮಗು ಬಂದಾಗ ಮೊದಲು ತೂಕ, ನಾಡಿ, ಉಸಿರು, ರಕ್ತದ ಸಕ್ಕರೆ ನೋಡುತ್ತೇವೆ. ನರದಲ್ಲಿ ಸೂಜಿ ನಿಂತ ಕೂಡಲೇ ಕಿಲೊಗೆ 100 ಮಿ.ಲೀ. ಲೆಕ್ಕದಲ್ಲಿ ರಿಂಗರ್ ಲ್ಯಾಕ್ಟೇಟ್ ಹರಿಸುತ್ತೇವೆ. ವರ್ಷ ದಾಟಿದ ಮಗುವಿಗೆ ಅದರಲ್ಲಿ 30 ಮಿ.ಲೀ. ಮೊದಲ ಅರ್ಧ ಗಂಟೆಯಲ್ಲಿ, ಉಳಿದ 70 ಎರಡೂವರೆ ಗಂಟೆಯಲ್ಲಿ ಹೋಗುತ್ತದೆ. ವರ್ಷದೊಳಗಿನ ಕೂಸಿಗೆ ಇದೇ ಪ್ರಮಾಣವನ್ನು ಒಂದು ಗಂಟೆ ಮತ್ತು ಐದು ಗಂಟೆಗಳಿಗೆ ಹಂಚುತ್ತೇವೆ. ಜನರು ಇದನ್ನು ಗ್ಲೂಕೋಸ್ ಬಾಟಲಿ ಎನ್ನುತ್ತಾರೆ. ನಿಜದಲ್ಲಿ ಅದು ಉಪ್ಪಿನಂಶವೇ ಮುಖ್ಯವಾದ ದ್ರವ. ಬರೀ ಗ್ಲೂಕೋಸ್ ನೀರನ್ನು ಹರಿಸಿದರೆ ಭೇದಿಯಲ್ಲಿ ಹೋದ ಸೋಡಿಯಂ ತುಂಬುವುದಿಲ್ಲ, ರಕ್ತದ ಸೋಡಿಯಂ ಇನ್ನೂ ಕುಸಿದು ಫಿಟ್ಸ್ ಬರುವ ಅಪಾಯವಿದೆ. ‘ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ’ ಎಂದು ಒತ್ತಾಯಿಸುವ ಹಿರಿಯರಿಗೆ ಇದನ್ನು ತಾಳ್ಮೆಯಿಂದ ಹೇಳಬೇಕಾಗುತ್ತದೆ.

ಆಮೇಲೆ ನಾವು ಕಾಯುವುದು ಮೂತ್ರಕ್ಕಾಗಿ. ರಾತ್ರಿ ಪಾಳಿಯಲ್ಲಿ ಮಗು ಮೂತ್ರ ಮಾಡಿತು ಎಂದು ತಾಯಿ ಬಂದು ಹೇಳಿದಾಗ ನಮಗಾಗುವ ಸಂತೋಷ ಅವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಮೂತ್ರಪಿಂಡ ಕೆಲಸ ಮಾಡುತ್ತಿದೆ ಎಂದು ಗೊತ್ತಾದ ಮೇಲೆಯೇ ಡ್ರಿಪ್ಪಿಗೆ ಪೊಟ್ಯಾಸಿಯಂ ಸೇರಿಸಲು ಧೈರ್ಯ ಬರುವುದು. ಪೊಟ್ಯಾಸಿಯಂ ಕಡಿಮೆಯಾದ ಮಗುವಿನ ಹೊಟ್ಟೆ ಉಬ್ಬುತ್ತದೆ, ಕತ್ತು ನಿಲ್ಲುವುದಿಲ್ಲ. ಡಯಾಪರ್ ಹಾಕಿದ ಮಗುವಿಗೆ ಮೂತ್ರ ಯಾವುದು, ಭೇದಿ ಯಾವುದು ಎಂದು ತಿಳಿಯದಿದ್ದರೆ ಒಳಗೆ ಒಂದು ತುಂಡು ಹತ್ತಿ ಇಡಿ, ಅಥವಾ ಹಳೆಯ ಹತ್ತಿ ಬಟ್ಟೆಯ ಮೇಲೆ ಮಲಗಿಸಿ. ಆರು ಗಂಟೆ ಮೂತ್ರವಿಲ್ಲದಿದ್ದರೆ ಕಾಯಬೇಡಿ.

ಮಗು ಕಣ್ಣು ಬಿಟ್ಟು ನುಂಗಲು ಶುರು ಮಾಡಿದರೆ ಡ್ರಿಪ್ ಹರಿಯುತ್ತಿರುವಾಗಲೇ ಓಆರ್‌ಎಸ್ ಕುಡಿಸಲು ಹೇಳುತ್ತೇವೆ. ಆಗ ಹಲವರು ಸಿಟ್ಟಾಗುತ್ತಾರೆ, ಇದಕ್ಕೇ ಆಗಿದ್ದರೆ ಮನೆಯಲ್ಲಿಯೇ ಇರುತ್ತಿದ್ದೆವಲ್ಲ ಎನ್ನುತ್ತಾರೆ. ಡ್ರಿಪ್ ಕಳೆದುಹೋದ ನೀರನ್ನು ತುಂಬುತ್ತದೆಯೇ ಹೊರತು ಭೇದಿಯನ್ನು ನಿಲ್ಲಿಸುವುದಿಲ್ಲ. ಭೇದಿ ಇನ್ನೂ ಮೂರು ನಾಲ್ಕು ದಿನ, ಕೆಲವೊಮ್ಮೆ ವಾರ ಹೋಗುತ್ತಲೇ ಇರುತ್ತದೆ. ಆ ದಿನಗಳನ್ನು ದಾಟಿಸುವುದು ಬಾಯಿಯಿಂದ ಹೋದ ದ್ರವವೇ.

ಕಲಸುವ ವಿಷಯದಲ್ಲಿ ಒಂದು ಮಾತು ಹೇಳದೆ ಮುಗಿಸಲಾರೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣ ಪೊಟ್ಟಣ 200 ಮಿ.ಲೀ.ಗೆ. ದೊಡ್ಡ ಪೊಟ್ಟಣದ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಲೋಟಕ್ಕೆ ಉದುರಿಸಿ ಕಲಸಿ ಕುಡಿಸಿದ ಮನೆಯ ಮಗುವೊಂದು ಸೋಡಿಯಂ ವಿಪರೀತ ಏರಿ ಫಿಟ್ಸ್ ಬಂದು ನಮ್ಮ ವಾರ್ಡಿಗೆ ಬಂದಿತ್ತು. ಆ ತಾಯಿ ಗಟ್ಟಿಯಾಗಿ ಕೊಟ್ಟರೆ ಬೇಗ ಶಕ್ತಿ ಬರುತ್ತದೆಂದು ನಂಬಿದ್ದಳು. ಲೀಟರಿನ ಖಾಲಿ ನೀರಿನ ಬಾಟಲಿ ಎಲ್ಲ ಮನೆಗಳಲ್ಲೂ ಇರುತ್ತದೆ, ಅದನ್ನೇ ಅಳತೆಗೆ ಇಟ್ಟುಕೊಳ್ಳಿ. ಕಲಸಿ 24 ಗಂಟೆ ಕಳೆದದ್ದನ್ನು ಚೆಲ್ಲಿಬಿಡಿ. ಕೂಸಿಗೆ ಹಾಲು ಕುಡಿಸುವ ಒಳಲೆ ಮನೆಯಲ್ಲಿದ್ದರೆ ಓಆರ್‌ಎಸ್ ಕುಡಿಸಲು ಅದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ. ಹಾಲಿನ ಬಾಟಲಿಯಲ್ಲಿ ಮಾತ್ರ ಬೇಡ.

ಔಷಧಿ ಅಂಗಡಿಯವರು, ತುಮಕೂರು

ರಟ್ಟಿನ ಪೊಟ್ಟಣದ ಪಾನೀಯದ ಬಗ್ಗೆ ನಾನು ಉತ್ತರ ಕೊಡಬೇಕು, ಏಕೆಂದರೆ ನಾವು ಔಷಧಿ ಅಂಗಡಿಯವರು ಅದನ್ನು ವರ್ಷಗಟ್ಟಲೆ ಓಆರ್‌ಎಸ್ ಸಾಲಿನಲ್ಲಿಯೇ ಇಟ್ಟು ಮಾರಿದೆವು. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಹೇಳುತ್ತಿರುವ ಸೂತ್ರದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಹಣ್ಣಿನ ರುಚಿಯ ಆ ಪಾನೀಯಗಳಲ್ಲಿ ಸಕ್ಕರೆ ಇದರ ಹಲವು ಪಟ್ಟು, ಉಪ್ಪು ಬಹಳ ಕಡಿಮೆ. ಕರುಳು ಗ್ಲೂಕೋಸಿನ ಜೊತೆಗೆ ಸೋಡಿಯಂ ಅನ್ನು ಒಳಗೆಳೆದುಕೊಳ್ಳುತ್ತದೆ, ಸೋಡಿಯಂ ಹಿಂದೆ ನೀರು ಬರುತ್ತದೆ. ಎರಡೂ ತಕ್ಕ ಪ್ರಮಾಣದಲ್ಲಿದ್ದರೆ ಮಾತ್ರ ಇದು ನಡೆಯುತ್ತದೆ. ಸಕ್ಕರೆ ಹೆಚ್ಚಾದರೆ ಅದು ಕರುಳಿನಲ್ಲಿಯೇ ಉಳಿದು ದೇಹದ ನೀರನ್ನು ಕರುಳಿನ ಕಡೆಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ನಿಮ್ಮ ಮಗಳಿಗೆ ಮಧ್ಯಾಹ್ನ ಭೇದಿ ಲೆಕ್ಕ ತಪ್ಪಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಇದರ ವಿರುದ್ಧ ವರ್ಷಗಳ ಕಾಲ ಹೋರಾಡಿದ ಮೇಲೆ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಆ ಸೂತ್ರಕ್ಕೆ ಹೊಂದದ ಯಾವ ಪಾನೀಯದ ಹೆಸರಿನಲ್ಲೂ ಓಆರ್‌ಎಸ್ ಎಂಬ ಪದ ಇರಬಾರದೆಂದು ಆದೇಶಿಸಿತು. ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ನೋಡಿ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಮಗುವಿಗೆ ಅರ್ಧ ಕೊಡಿ ಎಂದು ಕೇಳಿಕೊಂಡು ಬರುವವರಿದ್ದಾರೆ. ನಾನು ಕೊಡುವುದಿಲ್ಲ. ಕರುಳಿನ ಚಲನೆಯೇ ನಿಂತು ಹೊಟ್ಟೆ ಉಬ್ಬಿ ಪುಟ್ಟ ಮಕ್ಕಳ ಪ್ರಾಣಕ್ಕೆ ಕುತ್ತಾಗುವ ಔಷಧ ಅದು.

ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿ

ಲಸಿಕೆಯ ಪ್ರಶ್ನೆಗೆ ಯಾರೂ ಉತ್ತರಿಸದಿರುವುದರಿಂದ ನಾನು ಬರೆಯುತ್ತೇನೆ. ಮಕ್ಕಳ ಭೇದಿಗೆ ರೋಟಾವೈರಸ್ ಒಂದೇ ಕಾರಣವಲ್ಲ. ನೋರೋವೈರಸ್, ಅಡೆನೋವೈರಸ್, ಇ. ಕೋಲೈ ಬಳಗ, ಶಿಗೆಲ್ಲಾ, ಕಾಲರಾ ಹೀಗೆ ಹಲವಿವೆ, ಅವಕ್ಕೆ ಈ ಲಸಿಕೆಯ ಹನಿ ತಡೆಯಲ್ಲ. ರೋಟಾಗೆ ಕೂಡ ನಮ್ಮ ದೇಶದ ಪರೀಕ್ಷೆಯಲ್ಲಿ ರೋಟಾವ್ಯಾಕ್ ಲಸಿಕೆ ಮೊದಲ ವರ್ಷದಲ್ಲಿ ತೀವ್ರ ಭೇದಿಯನ್ನು ಅರ್ಧಕ್ಕಿಂತ ತುಸು ಹೆಚ್ಚು ತಗ್ಗಿಸಿತು, ಪೂರ್ತಿಯಾಗಿ ಅಲ್ಲ. ಅರ್ಧವೆಂದರೆ ಕಡಿಮೆ ಎನಿಸಬಹುದು. ಭೇದಿಯಿಂದ ಆಸ್ಪತ್ರೆ ಸೇರುವ ಪುಟ್ಟ ಮಕ್ಕಳಲ್ಲಿ ದೊಡ್ಡ ಪಾಲು ರೋಟಾದವರೇ ಆಗಿದ್ದ ದೇಶದಲ್ಲಿ ಅದು ಸಾವಿರಾರು ಹಾಸಿಗೆಗಳ ಲೆಕ್ಕ.

ಕನ್ನಡಿಗರಿಗೆ ತಿಳಿದಿರಬೇಕಾದ ಒಂದು ಸಂಗತಿಯಿದೆ. ಭಾರತದ ಲಸಿಕೆಗೆ ರೋಟಾವೈರಸ್ಸಿನ ಎರಡು ತಳಿಗಳು ಪೈಪೋಟಿಯಲ್ಲಿದ್ದವು, ಎರಡೂ ನವಜಾತ ಶಿಶುಗಳಿಂದ ದೊರೆತವು. ಒಂದು ದೆಹಲಿಯ 116ಇ, ಇನ್ನೊಂದು ಬೆಂಗಳೂರಿನ ಶಿಶುಗಳಲ್ಲಿ ಸಿಕ್ಕ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಯನ ಮಾಡಿದ ಐ321. ಕೊನೆಗೆ ಲಸಿಕೆಯಾದದ್ದು ದೆಹಲಿಯದು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾಗಿ 2019ರಲ್ಲಿ ದೇಶವ್ಯಾಪಿ ವಿಸ್ತರಣೆಯಾದ ಮೇಲೆ, ಈಗ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಆದ್ದರಿಂದ ಲಸಿಕೆ ವ್ಯರ್ಥವಾಯಿತೆಂದು ದಯವಿಟ್ಟು ಭಾವಿಸಬೇಡಿ.

ಬೀದರ್ ಜಿಲ್ಲೆಯ ಆಶಾ ಕಾರ್ಯಕರ್ತೆ

ಅಕ್ಕಾ, ಜಿಂಕ್ ಮಾತ್ರೆ ಮುಂದುವರಿಸುತ್ತಿದ್ದೀರಾ? ನಾನು ಮನೆಮನೆಗೆ ಹೋದಾಗ ಕಾಣುವ ದೊಡ್ಡ ತೊಂದರೆ ಇದೇ. ಭೇದಿ ಮೂರನೆಯ ದಿನ ನಿಂತರೆ ಮಾತ್ರೆಯ ಹಾಳೆ ಮಾಡದ ಮೇಲೆ ಹೋಗಿ ಕೂರುತ್ತದೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂನ ಒಂದು ಮಾತ್ರೆ, ಎರಡರಿಂದ ಆರು ತಿಂಗಳ ಕೂಸಿಗೆ ಅರ್ಧ ಮಾತ್ರೆ, ಹದಿನಾಲ್ಕು ದಿನ ತಪ್ಪದೆ ಕೊಡಬೇಕು. ಕೂಸಿಗಾದರೆ ಚಮಚದಲ್ಲಿ ಎದೆಹಾಲು ಹಿಂಡಿ ಅದರಲ್ಲಿಯೇ ಕರಗಿಸಿ. ಮಳೆಗಾಲಕ್ಕೆ ಮುಂಚೆ ನಾವು ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಓಆರ್‌ಎಸ್ ಕೊಟ್ಟು ಬರುತ್ತೇವೆ. ಕೊಟ್ಟದ್ದನ್ನು ಮೊದಲ ನೀರು ಭೇದಿಗೇ ಒಡೆಯಿರಿ, ಆಸ್ಪತ್ರೆಯಲ್ಲಿ ಹೇಳುವವರೆಗೆ ಕಾಯಬೇಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಅದಕ್ಕೆ ಮೇಲ್ಪಟ್ಟವರಿಗೆ 100ರಿಂದ 200.

ನಿವೃತ್ತ ಶಿಕ್ಷಕಿ, ರಾಯಚೂರು

ನನಗೀಗ ಎಪ್ಪತ್ತೊಂದು ವರ್ಷ. ನಾನು ಎಂಟು ವರ್ಷದವಳಿದ್ದಾಗ ನನ್ನ ತಮ್ಮ ವಾಂತಿ-ಭೇದಿಯಿಂದ ತೀರಿಕೊಂಡ. ಅವನಿಗೆ ಒಂದೂವರೆ ವರ್ಷ. ಕುಡಿಸಿದಷ್ಟೂ ಭೇದಿ ಹೆಚ್ಚುತ್ತದೆ ಎಂದು ಹಿರಿಯರು ನೀರು ನಿಲ್ಲಿಸಿದರು, ಹಾಲೂ ನಿಲ್ಲಿಸಿದರು. ಹಲ್ಲು ಬರುವ ಭೇದಿ ಎಂದರು, ದೃಷ್ಟಿ ತೆಗೆದರು. ನೆತ್ತಿ ಬಿದ್ದಿದೆ ಎಂದು ಎಣ್ಣೆ ಒತ್ತಿದರು. ನೆತ್ತಿ ಕುಸಿಯುವುದು ನೀರು ಬತ್ತಿದ್ದರ ಗುರುತು ಎಂದು ನನಗೆ ತಿಳಿದದ್ದು ನಾನೇ ತಾಯಿಯಾದ ಮೇಲೆ. ಅವನು ತಂಬಿಗೆಯ ಕಡೆಗೆ ಕೈ ಚಾಚುತ್ತಿದ್ದುದು ನನಗೆ ಇವತ್ತಿಗೂ ಕಾಣುತ್ತದೆ. ನನ್ನ ತಾಯಿ ಅವನ ಮೇಲಿನ ಪ್ರೀತಿಯಿಂದಲೇ ಅದನ್ನು ದೂರ ಸರಿಸಿದ್ದಳು. ಹರಿಹರದ ಮಗಳೇ, ನೀನು ಕುಡಿಸಿದ ಕ್ರಮ ತಪ್ಪಿರಬಹುದು, ಆದರೆ ನೀನು ಕುಡಿಸಿದೆ.

ನಿವೃತ್ತ ಮಕ್ಕಳ ವೈದ್ಯ

ಅಮ್ಮ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಆ ಕಾಲದಲ್ಲಿ ವೈದ್ಯರೂ ಕರುಳಿಗೆ ವಿಶ್ರಾಂತಿ ಬೇಕೆಂದು ಹೇಳಿ ಆಹಾರ ನಿಲ್ಲಿಸುತ್ತಿದ್ದರು, ನಿಮ್ಮ ಮನೆಯವರೊಬ್ಬರೇ ಅಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂಗಾಳದ ಗಡಿಯ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ ಡ್ರಿಪ್ ಬಾಟಲಿಗಳು ಮುಗಿದುಹೋದವು. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಸೋಡಾದ ಪುಡಿಯನ್ನು ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ಶೇ 30ರ ಹತ್ತಿರವಿದ್ದ ಸಾವು ಶೇ 4ಕ್ಕೂ ಕೆಳಗಿಳಿಯಿತು. ಬಾಯಿಯಿಂದ ಕುಡಿಸಿ ಉಳಿಸಬಹುದೆಂದು ಜಗತ್ತು ನಂಬಿದ್ದು ಆಮೇಲೆ. ನಿಮ್ಮ ತಮ್ಮನಿಗೆ ಅದು ತಡವಾಗಿ ಬಂದಿತು.

ಆಹಾರದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎದೆಹಾಲನ್ನು ಒಂದು ಹೊತ್ತೂ ನಿಲ್ಲಿಸಬಾರದು. ನಾಲ್ಕು ಗಂಟೆಯ ಓಆರ್‌ಎಸ್ ಮುಗಿದ ಕೂಡಲೇ ಮೆತ್ತಗಿನ ಮೊಸರನ್ನ, ಹೆಸರುಬೇಳೆಯ ಪೊಂಗಲ್, ರಾಗಿ ಸರಿ, ಬಾಳೆಹಣ್ಣು ಮಗುವಿಗೆ ಒಗ್ಗಿದ್ದನ್ನು ಸ್ವಲ್ಪ ಸ್ವಲ್ಪವೇ ಕೊಡಿ, ಒಂದು ಚಮಚ ತುಪ್ಪ ಹಾಕಿದರೂ ತೊಂದರೆಯಿಲ್ಲ. ಎಳನೀರು, ಉಪ್ಪು ಬೆರೆಸಿದ ಮಜ್ಜಿಗೆ, ಗಂಜಿತಿಳಿ ಭೇದಿಯ ಆರಂಭದಲ್ಲಿ ಒಳ್ಳೆಯವು. ನಿರ್ಜಲೀಕರಣದ ಗುರುತು ಕಂಡ ಮೇಲೆ ಅವು ಓಆರ್‌ಎಸ್ ಸ್ಥಾನ ತುಂಬಲಾರವು. ಆ್ಯಂಟಿಬಯಾಟಿಕ್ ಬೇಕಾಗುವುದು ರಕ್ತಭೇದಿಗೆ, ಕಾಲರಾಗೆ ಮತ್ತು ಇನ್ನು ಕೆಲವೇ ಸಂದರ್ಭಗಳಿಗೆ. ಮಕ್ಕಳ ನೀರು ಭೇದಿ ಹೆಚ್ಚಾಗಿ ವೈರಸ್ಸಿನದು.

ಮಂಗಳೂರಿನ ತಾಯಿ

ಒಂದು ವಿಷಯ ಸೇರಿಸುತ್ತೇನೆ, ಏಕೆಂದರೆ ವಾಂತಿಯೆಲ್ಲವೂ ಈ ರೋಗವೇ ಆಗಿರುವುದಿಲ್ಲ. ನನ್ನ ಮಗನಿಗೆ ಏಳು ತಿಂಗಳಿದ್ದಾಗ ವಾಂತಿ ಶುರುವಾಯಿತು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕಾಲು ಮಡಚಿಕೊಂಡು ಕಿರುಚುತ್ತಿದ್ದ, ನಡುವೆ ಬಿಳಿಚಿಕೊಂಡು ಸೋತು ಮಲಗುತ್ತಿದ್ದ. ನಾವು ಭೇದಿಯ ರೋಗವೆಂದೇ ತಿಳಿದು ಓಆರ್‌ಎಸ್ ಕುಡಿಸುತ್ತ ಕುಳಿತೆವು. ವಾಂತಿ ಹಸಿರಾಯಿತು, ಮಲದಲ್ಲಿ ಕೆಂಪು ಲೋಳೆ ಬಂತು. ಸ್ಕ್ಯಾನ್ ಮಾಡಿದಾಗ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿಕೊಂಡಿರುವುದು ಗೊತ್ತಾಯಿತು. ಸಮಯಕ್ಕೆ ಹೋಗಿದ್ದರಿಂದ ಗುದದ್ವಾರದಿಂದ ಒತ್ತಡದಲ್ಲಿ ದ್ರವ ಬಿಟ್ಟು ಸರಿಪಡಿಸಿದರು, ಶಸ್ತ್ರಚಿಕಿತ್ಸೆ ತಪ್ಪಿತು. ಹಸಿರು ವಾಂತಿ ಕಂಡರೆ ಚಮಚ ಕೆಳಗಿಟ್ಟು ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೇ ಹೋಗಿ ಎಂದು ಆ ವೈದ್ಯರು ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹರಿಹರದ ತಾಯಿ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಹಾಳೆಯನ್ನು ಈಗ ಅರ್ಥವಾಗುವಂತೆ ಓದಿದೆ. ದಾಖಲಾದಾಗಿನ ತೂಕ 8.2 ಕಿಲೊ, ಎರಡು ದಿನದ ಮೇಲೆ 9.1. ಎಂಟು ಗಂಟೆಯಲ್ಲಿ ಅವಳ ಮೈಯಿಂದ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಹೋಗಿತ್ತು ಎಂದು ನನಗೆ ಆಗ ಯಾರೂ ಬಿಡಿಸಿ ಹೇಳಿರಲಿಲ್ಲ. ಜಿಂಕ್ ಐದನೆಯ ದಿನವೇ ನಿಲ್ಲಿಸಿದ್ದೆ, ಇಂದಿನಿಂದ ಮತ್ತೆ ಶುರು ಮಾಡಿದ್ದೇನೆ.

ನಿನ್ನೆ ಮೊದಲ ವೈದ್ಯರ ಬಳಿಗೆ ಹೋಗಿದ್ದೆ. ಜಗಳವಾಡಲು ಅಲ್ಲ. ನಡೆದದ್ದನ್ನೆಲ್ಲ ಹೇಳಿ, ಅಂದು ನಮ್ಮನ್ನು ನಾಲ್ಕು ಗಂಟೆ ಇಲ್ಲಿಯೇ ಕೂರಿಸಿಕೊಂಡಿದ್ದರೆ ಆಗುತ್ತಿತ್ತೇ ಎಂದು ಕೇಳಿದೆ. ಅವರು ಹೊರಗೆ ನಿಂತ ಸಾಲನ್ನು ತೋರಿಸಿ, ಕೂರಿಸಲು ಜಾಗವೆಲ್ಲಿದೆ ಎಂದು ಮೊದಲು ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಚುಚ್ಚುಮದ್ದಿನ ಕೋಣೆಯ ಪಕ್ಕದ ಗೋಡೆಗೆ ಒಂದು ಬೆಂಚು ಹಿಡಿಯುತ್ತದೆ ಎಂದರು. ಡಾಕ್ಟರೇ, ನಿಮ್ಮ ಆ ಬೆಂಚಿನ ಬಳಿ ಏನೇನು ಇಡುತ್ತಿದ್ದಿರಿ ಎಂಬುದನ್ನು ಇನ್ನೊಮ್ಮೆ ವಿವರವಾಗಿ ಬರೆಯುವಿರಾ? ಅವರಿಗೆ ತೋರಿಸಬೇಕಾಗಿದೆ.

ನಿವೃತ್ತ ಮಕ್ಕಳ ವೈದ್ಯ

ಸಂತೋಷದಿಂದ ಬರೆಯುತ್ತೇನೆ. ಕುದಿಸಿ ಆರಿಸಿದ ನೀರು, ಮುಚ್ಚಳವಿರುವ ಪಾತ್ರೆ, ಲೀಟರಿನ ಅಳತೆ ಜಗ್ಗು, ಓಆರ್‌ಎಸ್ ಪೊಟ್ಟಣಗಳು, ಜಿಂಕ್ ಮಾತ್ರೆ, ಪ್ರತಿ ಮಗುವಿಗೂ ಬೇರೆ ಲೋಟ ಮತ್ತು ಚಮಚ, ಕೈ ತೊಳೆಯಲು ಸೋಪು ಮತ್ತು ನಲ್ಲಿ, ಬಟ್ಟೆ ಬದಲಿಸಲು ಒಂದು ಮೂಲೆ, ಎಲ್ಲರಿಗೂ ಕಾಣುವಂತೆ ಗಡಿಯಾರ. ಗೋಡೆಯ ಮೇಲೆ ತೂಕಕ್ಕೆ ಎಷ್ಟು ಮಿ.ಲೀ. ಎಂಬ ಪಟ್ಟಿಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಲಿ: ಐದು ಕಿಲೊಗೆ 375, ಏಳಕ್ಕೆ 525, ಒಂಬತ್ತಕ್ಕೆ 675, ಹನ್ನೆರಡಕ್ಕೆ 900. ಕುಡಿಸಿದ ಪ್ರತಿ ಲೋಟಕ್ಕೂ ತಾಯಿಯೇ ಗೆರೆ ಹಾಕಲು ಒಂದು ಚೀಟಿ, ಒಂದು ಪೆನ್ಸಿಲ್ ಇರಲಿ. ಗಂಟೆಗೊಮ್ಮೆ ಶುಶ್ರೂಷಕಿ ಬಂದು ಆ ಗೆರೆಗಳನ್ನು ಎಣಿಸಿ, ಮಗುವಿನ ಕಣ್ಣು ನೋಡಿ ಹೋಗಬೇಕು. ಬೆಂಚು ಗೋಡೆಗೆ ತಾಗಿಕೊಂಡಿರಲಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದ ತಾಯಿಗೆ ಬೆನ್ನು ಒರಗಿಸಲು ಬೇಕಾಗುತ್ತದೆ.